ಬೋರ್ಡ್ ಹೋಗಿದೆ ಮೇಡಂ

ವಾಷಿಂಗ್ ಮಷೀನ್ ರಿಪೇರಿಗೆ ಮೂರು ಹಂತ: ದೂರು, ತಪಾಸಣೆ, ಹೊಸ ಮಷೀನ್ ಕೊಳ್ಳುವ ಸಲಹೆ. ರಿಪೇರಿ ಮಾಡುವುದು ಐಚ್ಛಿಕ.

ಫ್ರಂಟ್ ಲೋಡ್ ಮಷೀನಿನ ಕೆಳಮೂಲೆಯ ಪುಟ್ಟ ಮುಚ್ಚಳದ ಹಿಂದೆ ಸಾಮಾನ್ಯವಾಗಿ ಡ್ರೈನ್ ಪಂಪಿನ ಫಿಲ್ಟರ್ ಇರುತ್ತದೆ. ಜೇಬಿನ ನಾಣ್ಯ, ಹೇರ್‌ಪಿನ್, ದಾರದ ಉಂಡೆ ಅಲ್ಲಿ ಸಿಕ್ಕಿಕೊಂಡರೆ ನೀರು ಹೊರಹೋಗದು, ಬಾಗಿಲು ತೆರೆಯದು. ಪರದೆಯ ಮೇಲೆ ಎರರ್ ಕೋಡ್ ಮಿನುಗುತ್ತದೆ. ಆಗ ಎರಡನೇ ಹಂತ:

“ಬೋರ್ಡ್ ಹೋಗಿದೆ ಮೇಡಂ.”

“ಇನ್ನೂ ಮುಚ್ಚಳಾನೇ ಬಿಚ್ಚಿಲ್ವಲ್ಲಪ್ಪಾ?”

“ಬಿಚ್ಚಿದ್ರೂ ಅದೇ ಮೇಡಂ.”

“ಬೋರ್ಡ್ ರಿಪೇರಿ ಆಗಲ್ವಾ?”

“ಮೇಲೆ ರೆಸಿನ್ ಸುರಿದು ಸೀಲ್ ಮಾಡಿದಾರೆ. ಬದಲಾಯಿಸೋದೇ.”

“ಹತ್ತು ವರ್ಷ ವಾರಂಟಿ ಅಂದಿದ್ರು?”

“ಅದು ಮೋಟಾರಿಗೆ. ಮೋಟಾರ್ ಚೆನ್ನಾಗೇ ಇದೆ!”

“ಬೋರ್ಡ್ ಇಲ್ದೆ ಮೋಟಾರ್ ತಿರುಗುತ್ತಾ?”

“ಅದಕ್ಕೆ ಬೇರೆ ಕಂಪ್ಲೇಂಟ್ ಹಾಕ್ಬೇಕು ಮೇಡಂ.”

ರೆಸಿನ್ ಸುರಿಯುವುದು ಬೋರ್ಡನ್ನು ತೇವದಿಂದ ಕಾಪಾಡಲು. ರಿಪೇರಿಯವನಿಂದಲೂ ಅದು ಕಾಪಾಡುತ್ತದೆ. ಕೆಲವು ಮಾದರಿಗಳಲ್ಲಿ ಟಬ್ಬನ್ನೂ ಬಿಚ್ಚಲಾಗದಂತೆ ಬೆಸೆದಿರುವುದರಿಂದ, ಬೇರಿಂಗ್ ಸವೆದರೆ ಇಡೀ ಟಬ್ಬನ್ನೇ ಬದಲಿಸಬೇಕು. ಬೋರ್‌ವೆಲ್ಲಿನ ಗಡಸು ನೀರು ಹೀಟರಿಗೆ ಸುಣ್ಣ ಬಳಿಯುತ್ತದೆ. ಈ ಒಂದು ಸೇವೆ ಮಾತ್ರ ಉಚಿತ.

ಮೂರನೇ ಹಂತ ಒಂದೇ ವಾಕ್ಯದ್ದು: “ಎಕ್ಸ್‌ಚೇಂಜ್ ಆಫರ್ ಇದೆ ಮೇಡಂ.”

ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ ‘ರೈಟ್ ಟು ರಿಪೇರ್’ ಪೋರ್ಟಲ್ ತೆರೆದಿದೆ. ದೂರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಆದರೂ ಯಾರಿಗೇ ಫೋನ್ ಮಾಡುವ ಮೊದಲು ಪ್ಲಗ್ ಕಿತ್ತು, ನೀರು ತಣ್ಣಗಾದ ಮೇಲೆ ಕೆಳಗೊಂದು ತಟ್ಟೆಯಿಟ್ಟು ಫಿಲ್ಟರ್ ತಿರುಗಿಸಿ ನೋಡುವುದು ಒಳ್ಳೆಯದು. ಸಿಕ್ಕಿದ ಚಿಲ್ಲರೆ ಮನೆಯವರದೇ.