ಕಾಲರಿನ ಹಿಂದಿನ ಭಾವ

ನಮ್ಮ ಷಡ್ಡಕರು ಶರಟು ಹಾಕುವುದಿಲ್ಲ. ಗಾಬರಿಯಾಗಬೇಡಿ, ಅವರು ಲೂಯಿ ಫಿಲಿಪ್ ಹಾಕುತ್ತಾರೆ. ಹಾಗೆಯೇ ಪ್ಯಾಂಟು ಹಾಕುವುದಿಲ್ಲ, ಆ್ಯಲೆನ್ ಸಾಲಿ ಹಾಕುತ್ತಾರೆ. ಚಳಿಗೆ ಸ್ವೆಟರ್ ಬೇಡ, ಮಾಂಟೆ ಕಾರ್ಲೊ ಬೇಕು. ಬೆಳಿಗ್ಗೆ ಇಸ್ತ್ರಿಗೆ ಬಟ್ಟೆ ಕೊಡುವಾಗಲೂ "ಮೂರು ಲೂಯಿ ಫಿಲಿಪ್ಪು, ಎರಡು ಆ್ಯಲೆನ್ ಸಾಲಿ, ಸರಿಯಾಗಿ ಎಣಿಸ್ಕೊಳಪ್ಪ" ಎನ್ನುತ್ತಾರೆ. ಇಸ್ತ್ರಿಯವನು ಚೀಟಿಯಲ್ಲಿ "5 ಪೀಸ್" ಎಂದು ಬರೆದುಕೊಂಡು, ಅಷ್ಟನ್ನೂ ನನ್ನ ಹಳೇ ಪಂಚೆಯ ಜೊತೆಗೇ ಗಂಟು ಕಟ್ಟುತ್ತಾನೆ. ಭಾವನವರು ಆಗ ಮುಖ ಆಚೆ ತಿರುಗಿಸುತ್ತಾರೆ.

ಹೆಂಡತಿಯ ಅಕ್ಕನ ಗಂಡ, ಆದ್ದರಿಂದ ನನಗೆ ಭಾವ. ಬ್ಯಾಂಕಿನಿಂದ ನಿವೃತ್ತರು. ಕಷ್ಟಕ್ಕೆ ಆಗುವ ಮನುಷ್ಯ. ರಾತ್ರಿ ಎಷ್ಟು ಹೊತ್ತಿಗೆ ಫೋನ್ ಮಾಡಿದರೂ ಆಸ್ಪತ್ರೆಗೆ ಓಡಿ ಬರುತ್ತಾರೆ, ಬರುವಾಗ ಫ್ಲಾಸ್ಕಿನಲ್ಲಿ ಕಾಫಿಯನ್ನೂ ತರುತ್ತಾರೆ. ಆದರೆ ಐಸಿಯು ಮುಂದೆ ಕೂತಿರುವಾಗಲೂ ಡಾಕ್ಟರು ಹೇಳಿದ್ದನ್ನು ಅರ್ಧ ಕೇಳಿಸಿಕೊಂಡು, "ಮೇಷ್ಟ್ರೇ, ಡಾಕ್ಟ್ರ ಶೂ ನೋಡಿದ್ರಾ? ಒರಿಜಿನಲ್ಲು" ಎಂದು ಪಿಸುಗುಟ್ಟುತ್ತಾರೆ.

ಹೆಸರು ನಾಲಿಗೆಗೆ ಸುಲಭವಾಗಿ ಹೊರಳದಷ್ಟೂ ಬಟ್ಟೆ ಒಳ್ಳೆಯದು ಎಂಬುದು ಅವರ ಸಿದ್ಧಾಂತ. "ಲೂಯಿಸ್" ಎಂದವರನ್ನು ಅಲ್ಲೇ ನಿಲ್ಲಿಸಿ ತಿದ್ದುತ್ತಾರೆ. ಒಮ್ಮೆ ತಡೆಯಲಾರದೆ ಹೇಳಿದೆ: "ಭಾವ, ಅದು 1989ರಲ್ಲಿ ನಮ್ಮ ದೇಶದ ಅಂಗಡಿಗೆ ಬಂದ ಬ್ರ್ಯಾಂಡು. ಅದನ್ನು ಮಾರುವ ಕಂಪನಿಯ ಮುಖ್ಯ ಕಚೇರಿ ಇಲ್ಲೇ ಬೆಂಗಳೂರಲ್ಲಿದೆ. ನಿಮ್ಮ ಮಾಂಟೆ ಕಾರ್ಲೊ ಲೂಧಿಯಾನದ್ದು." ಭಾವನವರು ಒಂದು ಕ್ಷಣವೂ ವಿಚಲಿತರಾಗಲಿಲ್ಲ. "ಇರಬಹುದು ಮೇಷ್ಟ್ರೇ. ಆದ್ರೆ ಫೀಲು ಫಾರಿನ್ನದು." ಇದಕ್ಕೆ ಯಾರು ಉತ್ತರ ಕೊಡಬಲ್ಲರು? ಫ್ರಾನ್ಸಿನ ಲೂಯಿ ಫಿಲಿಪ್ ದೊರೆಯ ಕಥೆಯನ್ನಾದರೂ ಹೇಳೋಣವೆಂದು ಹೊರಟೆ. 1848ರ ಕ್ರಾಂತಿಯಲ್ಲಿ ಪಟ್ಟ ಬಿಟ್ಟು, ವೇಷ ಮರೆಸಿಕೊಂಡು, "ಮಿಸ್ಟರ್ ಸ್ಮಿತ್" ಎಂಬ ಸುಳ್ಳು ಹೆಸರಿನಲ್ಲಿ ಇಂಗ್ಲೆಂಡಿಗೆ ಓಡಿದ ಮಹಾರಾಯ ಅವನು. ಜೀವ ಉಳಿಸಿಕೊಳ್ಳಲು ಸ್ವಂತ ಲೇಬಲನ್ನೇ ಕಿತ್ತುಕೊಂಡವನ ಹೆಸರು ನಮ್ಮ ಭಾವನವರ ಕತ್ತಿನ ಹಿಂದೆ! ಆದರೆ ಅಷ್ಟರಲ್ಲಿ ಅವರು ನನ್ನ ಚಪ್ಪಲಿ ನೋಡುತ್ತಿದ್ದರು. ಬಾಟಾ. "ಲೋಕಲ್ಲು" ಎಂದರು. ಬಾಟಾ ಹುಟ್ಟಿದ್ದು 1894ರಲ್ಲಿ, ಈಗಿನ ಝೆಕ್ ದೇಶದ ಝ್ಲೀನ್ ಎಂಬ ಊರಿನಲ್ಲಿ. ನಾಲಿಗೆಗೆ ಸುಲಭವಾಗಿಬಿಟ್ಟಿತು, ಅದೇ ಅದು ಮಾಡಿದ ತಪ್ಪು.

ಅಂಗಿಯ ಎದೆಯ ಮೇಲಿನ ಮೊಸಳೆ ಯಾವ ಕಡೆ ಮುಖ ಮಾಡಿದ್ದರೆ ಫ್ರಾನ್ಸಿನದು, ಯಾವ ಕಡೆ ಮಾಡಿದ್ದರೆ ಹಾಂಗ್‌ಕಾಂಗಿನದು ಎಂಬುದೂ ಅವರಿಗೆ ಬಾಯಿಪಾಠ. ಆಫರ್ ಸುದ್ದಿಯಂತೂ ಕೇಳಲೇಬೇಡಿ. ಹೋದ ಸಲ ನನಗೆ ಬೇಕಿದ್ದದ್ದು ಒಂದು ಶರಟು. "ಎರಡು ಕೊಂಡರೆ ಎರಡು ಫ್ರೀ" ಎಂಬ ಬೋರ್ಡಿನ ಕೆಳಗೆ ನನ್ನನ್ನು ನಿಲ್ಲಿಸಿ, ನಾಲ್ಕು ಶರಟಿನ ಚೀಲ ಕೈಗೆ ಕೊಟ್ಟು, "ಎಷ್ಟು ಉಳೀತು ನೋಡಿ" ಎಂದು ಬೆನ್ನು ತಟ್ಟಿದರು. ಉಳಿದ ದುಡ್ಡು ಎಲ್ಲಿದೆಯೆಂದು ನಾನು ಇನ್ನೂ ಹುಡುಕುತ್ತಿದ್ದೇನೆ. 2025ರ ಸೆಪ್ಟೆಂಬರಿನಿಂದ 2,500 ರೂಪಾಯಿ ದಾಟಿದ ಬಟ್ಟೆಗೆ ಜಿಎಸ್‌ಟಿ ಶೇಕಡಾ 18, ಅದರೊಳಗಿದ್ದರೆ 5. ನಾನು ಗೆರೆಯ ಈಚೆ ನಿಲ್ಲುವವನು. ಭಾವನವರ ಲೆಕ್ಕ ಬೇರೆ: "ಸರ್ಕಾರವೇ 18 ಪರ್ಸೆಂಟ್ ಹಾಕಿದೆ ಅಂದ್ಮೇಲೆ ಬಟ್ಟೇಲಿ ಏನೋ ಇರಲೇಬೇಕಲ್ವಾ?"

ಇವೆಲ್ಲ ಸಹಿಸಬಹುದು. ಸಹಿಸಲಾಗದ್ದು ಕಾಲರ್ ಪರೀಕ್ಷೆ. ಮದುವೆ, ಮುಂಜಿ, ನಾಮಕರಣ ಯಾವುದೇ ಇರಲಿ, ಭಾವನವರು ಹಿಂದಿನಿಂದ ಬಂದು ಆತ್ಮೀಯವಾಗಿ ಹೆಗಲ ಮೇಲೆ ಕೈ ಹಾಕುತ್ತಾರೆ. ಎಷ್ಟು ಪ್ರೀತಿ ಎಂದು ನೀವು ಕರಗುವಷ್ಟರಲ್ಲಿ ತೋರುಬೆರಳು ಕತ್ತಿನ ಹಿಂದೆ ಇಳಿದು, ಕಾಲರನ್ನು ಸಣ್ಣಗೆ ಮಗುಚಿ, ಲೇಬಲ್ ಓದಿ ವಾಪಸ್ ಬಂದಿರುತ್ತದೆ. ಆಮೇಲೆ ಅವರು ಆಡುವ ಮಾತಿನ ಧಾಟಿಯಲ್ಲೇ ನಿಮಗೆ ಬಿದ್ದ ಅಂಕ ತಿಳಿಯುತ್ತದೆ.

ಮದ್ದೂರಿನಲ್ಲಿ ನೆಂಟರ ಗೃಹಪ್ರವೇಶ. ನಾನು ತೊಟ್ಟಿದ್ದು ಬೆಂಗಳೂರಿನ ಫುಟ್‌ಪಾತಿನಲ್ಲಿ 350 ರೂಪಾಯಿಗೆ ಕೊಂಡ ತಿಳಿನೀಲಿ ಶರಟು. ಎಕ್ಸ್‌ಪೋರ್ಟ್ ಸರ್‌ಪ್ಲಸ್ ಮಾಲು. ಲೇಬಲನ್ನು ಕತ್ತರಿಯಿಂದ ಅರ್ಧ ಸೀಳಿದ್ದರು. ಎಲೆ ಹಾಕಿ ಉಪ್ಪು, ಕೋಸಂಬರಿ ಬಡಿಸುವ ಹೊತ್ತಿಗೆ ಪಕ್ಕದಲ್ಲಿ ಕೂತ ಭಾವನವರ ಬೆರಳು ಬಂತು. ಒಂದು ಸಲ ಓದಿದರು. ಕನ್ನಡಕ ಸರಿಮಾಡಿಕೊಂಡು ಇನ್ನೊಂದು ಸಲ ಓದಿದರು. ಉಳಿದಿದ್ದ ಅರ್ಧ ಹೆಸರಿನಿಂದಲೇ ಗುರುತು ಹಿಡಿದಿದ್ದರು. "ಮೇಷ್ಟ್ರೇ!" ಎಂದರು. ಆ ಕಂಠದಲ್ಲಿದ್ದ ಗೌರವ ನನಗೆ ಪಿಎಚ್.ಡಿ. ಬಂದಾಗಲೂ ಸಿಕ್ಕಿರಲಿಲ್ಲ. ಪಲ್ಯ ಬರುವಷ್ಟರಲ್ಲಿ ತೋಳಿನ ಬಟ್ಟೆ ಮುಟ್ಟಿ "ಎಂಥಾ ಕಾಟನ್ನು, ನೋಡಿ" ಎಂದು ಸಾಲಿನವರಿಗೆಲ್ಲ ತೋರಿಸಿದರು. ಗುಂಡಿಯ ನಾಲ್ಕು ತೂತುಗಳಲ್ಲಿ ದಾರ ಕತ್ತರಿಯಾಕಾರದಲ್ಲಿ ಹೋಗಿರುವುದರ ಮಹತ್ವ ವಿವರಿಸಿದರು. ತೊವ್ವೆಯ ಹೊತ್ತಿಗೆ ನನಗೂ ಎದೆ ಸ್ವಲ್ಪ ಉಬ್ಬಿತ್ತು. ಬೆನ್ನು ನೆಟ್ಟಗೆ ಮಾಡಿಕೊಂಡೇ ಊಟ ಮಾಡುತ್ತಿದ್ದೆ.

ಹೋಳಿಗೆ ಬಂದಾಗ ಕೇಳಿದರು: "ಎಷ್ಟು ಕೊಟ್ರಿ?"

"350."

ಭಾವನವರ ಕೈ ಹೋಳಿಗೆಯ ಮೇಲೇ ನಿಂತಿತು. "ಹಾಗಾದ್ರೆ ಡಿಫೆಕ್ಟ್ ಪೀಸು." ಅಲ್ಲಿಂದ ಮಜ್ಜಿಗೆಯವರೆಗೂ ಡಿಫೆಕ್ಟಿನ ಶೋಧ. ಎಡಗೈಲಿ ನನ್ನ ಬೆನ್ನಿನ ಹೊಲಿಗೆ ಸವರಿದರು, ಜೇಬಿನ ಮೂಲೆ ಎಳೆದು ನೋಡಿದರು, ಕಂಕುಳ ಹತ್ತಿರ ಬಗ್ಗಿದರು. ಹತ್ತು ನಿಮಿಷದ ಹಿಂದೆ ಹೊಗಳಿದ್ದ ಅದೇ ಕಾಟನ್ "ಒಗೆದ್ರೆ ಹೋಗುತ್ತೆ" ಎಂಬ ದರ್ಜೆಗೆ ಇಳಿಯಿತು. ಕೊನೆಗೆ ಎಡತೋಳಿನ ಪಟ್ಟಿಯ ಗುಂಡಿಗೆ ಹಾಕಿದ ದಾರ ಒಂದು ಛಾಯೆ ಗಾಢವಾಗಿದೆಯೆಂದು ಪತ್ತೆಹಚ್ಚಿದಾಗಲೇ ಅವರಿಗೆ ಸಮಾಧಾನ. ಆ ದಾರ ನನ್ನ ಹೆಂಡತಿ ಹಾಕಿದ್ದು. ಹೇಳಲಿಲ್ಲ.

ಬಡಿಸುತ್ತಿದ್ದವರಲ್ಲಿ ಒಬ್ಬಳು ನೆಂಟರ ಹುಡುಗಿ, ಗಾರ್ಮೆಂಟ್ಸ್‌ಗೆ ಹೋಗುವವಳು. ಈ ಗಲಾಟೆ ಕಂಡು ಬಗ್ಗಿ ನನ್ನ ತೋಳಿನ ಹೊಲಿಗೆ ಒಂದು ಸಲ ನೋಡಿ, "ಏನೂ ಡ್ಯಾಮೇಜ್ ಇಲ್ಲ ಮಾಮ. ಆರ್ಡರ್‌ಗಿಂತ ಜಾಸ್ತಿ ಹೊಲ್ದಿರ್ತಾರೆ, ಉಳ್ದಿದ್ದು ಹಿಂಗೆ ಆಚೆಗ್ ಬತ್ತದೆ" ಎಂದಳು. ಭಾವನವರ ಕಿವಿ ನೆಟ್ಟಗಾಯಿತು. ಯಾವ ಯಾವ ಬ್ರ್ಯಾಂಡ್ ಹೊಲಿಯುತ್ತೀಯಮ್ಮ ಎಂದು ಕೇಳಿದರು. ಅವಳು ಹೇಳಿದ ಹೆಸರುಗಳಲ್ಲಿ ಕೆಲವನ್ನು ಭಾವನವರು ಅಮೆರಿಕದ ಮಗನಿಂದ ತರಿಸಿಕೊಂಡಿದ್ದರು. "ಅಷ್ಟೂ ನೀನೇ ಹೊಲಿತೀಯಾ?" "ಇಲ್ಲ ಮಾಮ, ನಾನು ಕಾಲರ್ ಮಾತ್ರ. ಗಂಟೆಗಿಷ್ಟು ಅಂತ ಟಾರ್ಗೆಟ್ ಇರ್ತದೆ. ಪೂರ್ತಿ ಶರಟು ನಾನ್ಯಾವತ್ತೂ ಹೊಲ್ದಿಲ್ಲ." ಭಾವನವರು ದನಿ ತಗ್ಗಿಸಿ, "ನಮಗೊಂದೆರಡು ಪೀಸ್ ತಂದ್ಕೊಡೋಕಾಗುತ್ತಾ?" ಎಂದರು. ಹುಡುಗಿ ನಕ್ಕಳು. "ಗೇಟಲ್ಲಿ ಬ್ಯಾಗು, ಟಿಫಿನ್ ಬಾಕ್ಸು ಎಲ್ಲಾ ಬಿಚ್ಚಿಸಿ ನೋಡ್ತಾರೆ ಮಾಮ" ಎಂದು ಅವರ ಎಲೆಗೆ ಮಜ್ಜಿಗೆ ಬಿಟ್ಟು ಮುಂದೆ ಹೋದಳು.

2016ರ ಏಪ್ರಿಲ್ ನೆನಪಾಯಿತು. ಪಿ.ಎಫ್. ಹಣ ತೆಗೆಯುವ ನಿಯಮ ಬಿಗಿಯಾದಾಗ ಹೊಸೂರು ರಸ್ತೆಗೂ ತುಮಕೂರು ರಸ್ತೆಗೂ ಸಾವಿರಗಟ್ಟಲೆ ಇಳಿದು, ಕೇಂದ್ರ ಸರ್ಕಾರ ಆ ನಿಯಮವನ್ನೇ ಹಿಂದಕ್ಕೆ ತೆಗೆದುಕೊಳ್ಳುವಂತೆ ಮಾಡಿದ್ದು ಇಂಥ ಹುಡುಗಿಯರೇ. ಭಾವನವರಿಗೂ ಆ ದಿನ ಚೆನ್ನಾಗಿ ನೆನಪಿದೆ. ಫ್ಯಾಕ್ಟರಿ ಔಟ್‌ಲೆಟ್ಟಿಗೆ ಹೊರಟವರು ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದಿದ್ದರು.

ಅವರನ್ನು ಪೂರ್ತಿ ಬೈಯಲು ನನ್ನಿಂದ ಆಗುವುದಿಲ್ಲ. ಐವರು ಗಂಡುಮಕ್ಕಳ ಮನೆ. ಅಪ್ಪ ಯುಗಾದಿಗೆ ಒಂದೇ ಥಾನು ತಂದು ಐವರಿಗೂ ಒಂದೇ ಬಣ್ಣದ ಅಂಗಿ ಹೊಲಿಸುತ್ತಿದ್ದರಂತೆ. ಬೀದಿಯಲ್ಲಿ ಬ್ಯಾಂಡ್ ಸೆಟ್ಟಿನವರ ಹಾಗೆ ಕಾಣುತ್ತಿದ್ದೆವು ಎಂದು ಭಾವನವರೇ ನಗುತ್ತಾರೆ. ಇವರು ನಾಲ್ಕನೆಯವರು. ಹಬ್ಬದ ಅಂಗಿ ಬಿಟ್ಟರೆ ಮಿಕ್ಕದ್ದೆಲ್ಲ ಮೂವರು ಅಣ್ಣಂದಿರು ತೊಟ್ಟು ಬಿಟ್ಟದ್ದು. ಸ್ಕೂಲಿನಲ್ಲಿ ಯಾರೋ ಹುಡುಗ "ಇದು ನಿಮ್ಮಣ್ಣನ ಅಂಗಿ ಅಲ್ವೇನೋ" ಎಂದದ್ದನ್ನು ಅವರು ನನಗೆ ಹೇಳಿದ್ದು ಒಂದೇ ಸಲ, ಅದೂ ಬೇರೇನನ್ನೋ ಹೇಳುತ್ತಾ. ಮೊದಲ ಸಂಬಳದಲ್ಲಿ ಕೊಂಡ ರೆಡಿಮೇಡ್ ಶರಟಿನ ಲೇಬಲ್ ಈಗಲೂ ಅವರ ಬೀರುವಿನಲ್ಲಿ ಪಾಸ್‌ಬುಕ್ಕುಗಳ ನಡುವೆ ಇದೆ. ಶರಟು ಎಂದೋ ಒರೆಸುವ ಬಟ್ಟೆಯಾಗಿ ಹೋಯಿತು.

ಇನ್ನು ನಮ್ಮ ಮನೆಯೇನು ಸಾಚಾ? ನನ್ನಾಕೆ ಬ್ರ್ಯಾಂಡ್ ಎಂದರೆ ಮೂಗು ಮುರಿಯುತ್ತಾಳೆ. ಆದರೆ ಮೈಸೂರು ರೇಷ್ಮೆ ಸೀರೆಯನ್ನು ಕೆಎಸ್‌ಐಸಿ ಮಳಿಗೆಯ ಮುಂದೆ ನಸುಕಿನಲ್ಲೇ ಕ್ಯೂ ನಿಂತು ತಂದಳು. ಸೆರಗು ಸರಿಮಾಡಿಕೊಳ್ಳುವ ನೆಪದಲ್ಲಿ ಅದರ ಕೋಡ್ ನಂಬರು ಓರಗಿತ್ತಿಗೆ ಕಾಣುವ ಹಾಗೆ ಮಾಡುವುದರಲ್ಲಿ ಅವಳು ನಿಷ್ಣಾತೆ. 1912ರಲ್ಲಿ ಮಹಾರಾಜರು ಶುರುಮಾಡಿಸಿದ ಕಾರ್ಖಾನೆಯದು, ಜರಿಯಲ್ಲಿ ಚಿನ್ನ ಬೆಳ್ಳಿ ಇದೆ, ಅದು ಬೇರೆ ಎನ್ನುತ್ತಾಳೆ. ಬೇರೆಯೇ ಇರಬಹುದು. ನಾನಂತೂ ಗಾಂಧಿ ಜಯಂತಿಯ ರಿಯಾಯಿತಿಯಲ್ಲಿ ಕೊಂಡ ಖಾದಿ ಜುಬ್ಬಾವನ್ನು ಸಾಹಿತ್ಯ ಸಭೆಗಳಿಗೆಂದೇ ತೆಗೆದಿಟ್ಟಿದ್ದೇನೆ. ಅದನ್ನು ತೊಟ್ಟ ದಿನ ಜನ ನನ್ನ ಮಾತನ್ನು ಸ್ವಲ್ಪ ಹೆಚ್ಚು ಕೇಳುತ್ತಾರೆ.

ಓದುಗರಲ್ಲಿ ಒಂದು ವಿನಂತಿ. ಭಾವನವರಂಥವರು ನಿಮ್ಮ ಬಂಧುಬಳಗದಲ್ಲೂ ಖಂಡಿತ ಇದ್ದಾರೆ. ಪಂಕ್ತಿಯಲ್ಲಿ ಪಕ್ಕ ಕೂತು ಅಂಗಿಯ ಬೆಲೆ ಕೇಳಿದರೆ, ಇದ್ದ ಬೆಲೆಗೆ ಒಂದು ಸೊನ್ನೆ ಸೇರಿಸಿ ಹೇಳಿ. ನಿಮ್ಮ ಗಂಟೇನೂ ಹೋಗುವುದಿಲ್ಲ. ಅವರು ಹೋಳಿಗೆಯನ್ನಾದರೂ ನೆಮ್ಮದಿಯಾಗಿ ತಿನ್ನಲಿ.