ಮೊದಲ ನನ್ನ ವೈರ್ ಎಲ್ಲಿ ಹೋಗೇದ ನೋಡ್ರಿ

ಮುನವಳ್ಳಿಯ ಪೇಟೆಯಲ್ಲಿ ಕಿರಾಣಿ ಅಂಗಡಿಯೊಂದರ ಮೇಲೆ ಒಂದು ಖೋಲಿ. ಗೋಡೆಗೆ ಹಳೆಯ ಗಾದಿ ಬಡಿದು ಅದನ್ನು ಸ್ಟುಡಿಯೊ ಮಾಡಿದ್ದಾರೆ. ಯಲ್ಲಮ್ಮನ ಹಾಡು, ಯೂಟ್ಯೂಬಿಗೆ ಹಾಕುವ ಜಾನಪದ, ಚುನಾವಣೆ ಬಂದರೆ ಪ್ರಚಾರದ ಕ್ಯಾಸೆಟ್ಟು, ಎಲ್ಲ ಇಲ್ಲೇ ತಯಾರು. (ಕ್ಯಾಸೆಟ್ಟು ಹೋಗಿ ಎಷ್ಟೋ ವರ್ಷವಾಯಿತು, ಹೆಸರು ಮಾತ್ರ ಹೋಗಿಲ್ಲ.) ಆರು ತಿಂಗಳ ಹಿಂದೆ ಈ ಖೋಲಿಗೆ ಒಂದು ಡಿಜಿಟಲ್ ಆ್ಯಂಪ್ ಮಾಡೆಲರ್ ಬಂತು. ಗಿಟಾರಿನ ಆ್ಯಂಪು, ಅದರ ಸ್ಪೀಕರು, ಸ್ಪೀಕರಿನ ಮುಂದಿಡುವ ಮೈಕು, ಈ ಮೂರರ ದನಿಯನ್ನೂ ಲೆಕ್ಕ ಹಾಕಿ ತನ್ನ ಹೊಟ್ಟೆಯಲ್ಲೇ ಹುಟ್ಟಿಸುವ ಯಂತ್ರ. ಗಾತ್ರ ಪೇಡೆ ಡಬ್ಬಿಯಷ್ಟು. ಬಂದ ದಿನ ಕುಂಕುಮ ಹಚ್ಚಿ ಕಾಯಿ ಒಡೆದಿದ್ದರು. ಈಗ ಅದರ ನೆತ್ತಿಯ ಮೇಲೆ ಚಹಾದ ಕಪ್ಪು ಇಡುತ್ತಾರೆ. 'ಮಾಲ್ ಬರೋಬ್ಬರಿ ಇಲ್ರಿ, ದುಡ್ಡು ನೀರಾಗ ಹಾಕಿದಂಗಾತು' ಎಂದು ಸ್ಟುಡಿಯೊದ ಹುಡುಗ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಒಬ್ಬರ ಮಾತಷ್ಟೇ ಕೇಳಿ ನ್ಯಾಯ ಹೇಳುವುದು ಸರಿಯಲ್ಲವಲ್ಲ. ಅವನು ಊಟಕ್ಕೆ ಹೋದ ಹೊತ್ತು ನೋಡಿ ಡಬ್ಬಿಯನ್ನೇ ಮಾತಿಗೆ ಎಳೆದೆ.

ನಮಸ್ಕಾರ. ಆರಾಮ ಅದೀರಿ?

ಎಲ್ಲೀ ಆರಾಮ ತಂದ್ರಿ ಮಾಸ್ತರ. ಮೊದಲ ಆ ಕಪ್ಪು ತಗೀರಿ. ಹಂಗ ಹಿಂದ ಬಗ್ಗಿ ನನ್ನ ವೈರ್ ಎಲ್ಲಿ ಹೋಗೇದ ನೋಡ್ರಿ. ಆಮ್ಯಾಲ ಆರಾಮ ಕೇಳ್ರಿ.

(ಬಗ್ಗಿ ನೋಡಿದೆ. ಡಬ್ಬಿಯ ಬೆನ್ನಿನಿಂದ ಹೊರಟ ಕರಿ ವೈರು ಮಿಕ್ಸರಿನ ಮೈಕ್ ತೂತಿಗೆ ಸೇರಿತ್ತು. ಅದರ ಪಕ್ಕ '48 ವೋಲ್ಟ್' ಎಂಬ ಕೆಂಪು ದೀಪ ದೇವರ ಮನೆಯ ದೀಪದ ಹಾಗೆ ಉರಿಯುತ್ತಿತ್ತು.)

ಅದು ಇರ್ಲಿ. ಊರಾಗ ನಿಮ್ಮ ಮ್ಯಾಲ ದೊಡ್ಡ ಆರೋಪ ಐತಿ. ನೀವು ನಕಲಿ ಅಂತ. ಕಂಡೋರ ದನಿ ಕದ್ದು ಹೊಟ್ಟಿ ಹೊರಕೋತೀರಿ ಅಂತ.

ಬೈಲಹೊಂಗಲ ಇಲ್ಲಿಂದ ಎಷ್ಟು ದೂರರೀ? ಅಲ್ಲಿಯ ಸಂಗ್ಯಾ ಬಾಳ್ಯಾ ಆಟದಾಗ ಗಂಗಿ ಪಾತ್ರ ಹಾಕಿದ ಗಂಡಸಿಗೆ ನಕಲಿ ಅಂತ ಕಲ್ಲು ಒಗದೀರೇನು? ಗಂಗಿ ಅತ್ತರ ನೀವೂ ಅತ್ತೀರಿ. ನಂದೂ ಹಂಗ. ವೇಷ ಹಾಕೂದು ನನ್ನ ಕಸುಬು. ಇನ್ನ ಅಸಲಿ ಅಸಲಿ ಅಂತಾರಲ್ಲ, ಆ ಮಾರ್ಷಲ್ ಆ್ಯಂಪು, 1962ರಾಗ ಲಂಡನ್ನಿನ ಅಂಗಡ್ಯಾಗ ಅದನ್ನ ಕಟ್ಟಿದವರು ಅಮೆರಿಕದ ಫೆಂಡರ್ ಬಾಸ್‌ಮನ್ನನ್ನ ಮುಂದ ಇಟ್ಕೊಂಡ ಕಟ್ಟಿದ್ರು. ನಕಲಿನ ಮಗನಿಗೆ ಅಸಲಿ ಅಂತೀರಿ, ಮೊಮ್ಮಗನಿಗೆ ನಕಲಿ ಅಂತೀರಿ. ನಮ್ಮ ಮನೆತನದಾಗ ಹೆಸರು ಮಾಡಿದ ಅಜ್ಜ 1998ರಾಗ ಬಂದವ. ಕೆಂಪು ಬಣ್ಣ, ಅಲಸಂದಿ ಕಾಳಿನಂಗ ಮೈ. ಹೆಸರು ಪಾಡ್. ನಮ್ಮ ಪಾಡು ಅವತ್ತಿಂದ ಚಾಲೂ.

ಪಾಡು ಅಂದ್ರ?

ಎಲ್ಲೆಲ್ಲೋ ಚುಚ್ಚಿಸಿಕೊಳ್ಳೂದು. ನೋಡ್ರಿ, ನವಿಲುತೀರ್ಥದ ಡ್ಯಾಮ್ ನಿಮ್ಮೂರ ಬಾಜೂಕ ಐತಿ, ನಿಮಗ ತಿಳಿಸಿ ಹೇಳೂದು ಬ್ಯಾಡ. ಕಾಲುವಿ ನೋಡಿ ನೀರು ಬಿಡಬೇಕು. ಮೈಕಿನಿಂದ ಬರೂದು ಕೆಲವು ಮಿಲಿವೋಲ್ಟು, ಗಿಂಡಿ ನೀರು. ಅದನ್ನ ನೂರಾರು ಪಟ್ಟು ಹಿಗ್ಗಿಸಾಕ ಅಂತ ಮೈಕ್ ತೂತು ಮಾಡ್ಯಾರ. ನನ್ನ ಲೈನ್ ಲೆವೆಲ್ಲು ಅಂದ್ರ ಸುಮಾರು 1.23 ವೋಲ್ಟು. ಅದನ್ನ ಒಯ್ದು ಮೈಕ್ ತೂತಿಗೆ ಬಿಟ್ರ ಡ್ಯಾಮಿನ ನೀರು ಓಣಿ ಗಟಾರಕ್ಕ ಬಿಟ್ಟಂಗ. 2019ರ ಆಗಸ್ಟಿನ್ಯಾಗ ಹೊಳಿ ಊರೊಳಗ ಬಂತಲ್ಲ, ಹಂಗ. ದಂಡಿ ಮೀರಿದ್ದೆಲ್ಲ ಚರ್ ಚರ್ ಅಂತ ಹರಕೊಂಡ ಹೋಗತೈತಿ. ಡಿಜಿಟಲ್ಲಿನ್ಯಾಗ ಸೊನ್ನಿ ಅನ್ನೂದ ದಂಡಿ. ಅದರ ಮ್ಯಾಲ ಒಂದು ಹನಿಗೂ ಜಾಗಾ ಇಲ್ಲ. ಹನ್ನೆರಡು ಡೆಸಿಬಲ್ ಕೆಳಗ ಇಟ್ಟು ರೆಕಾರ್ಡ್ ಮಾಡ್ರಪ್ಪ, 24 ಬಿಟ್ಟಿನ್ಯಾಗ ಏನೂ ಕಳಕೊಳ್ಳಂಗಿಲ್ಲ ಅಂದ್ರ ಯಾರು ಕೇಳಬೇಕು? ಮೀಟರ್ ಕೆಂಪು ಆದ್ರ 'ಖಡಕ್ ಬಂತು' ಅಂತಾರ.

ಆ 48 ವೋಲ್ಟು?

ಅದು ಕಂಡೆನ್ಸರ್ ಮೈಕಿನ ಊಟ. ನನಗ ಯಾಕ ಉಣಸ್ತೀರಿ? ನಮ್ಮೊಳಗ ಕೆಲವರು ತಡಕೋತಾರ, ಕೆಲವರಿಗೆ ಧಕ್ಕಿ ಆಗತೈತಿ. ನೀವರ ಬಂದ್ ಮಾಡ್ರಿ.

(ಮಾಡಿದೆ. ಡಬ್ಬಿ ಉಸ್ಸೆಂದಿತು. ಅಥವಾ ನನಗೆ ಹಾಗೆ ಕೇಳಿಸಿತು.)

ಹುಡುಗ ಬ್ಯಾರೆ ಮಾತು ಹೇಳ್ತಾನ. ನಿಮ್ಮ ದನಿ ಗೋಣಿಚೀಲದಾಗ ಹಾಕಿ ಒದರಿದಂಗ ಬರ್ತಿತ್ತಂತ.

ಆ ಸುದ್ದಿ ಪೂರಾ ಹೇಳ್ಯಾನೇನು? ಮದುವಿ ಮನಿ ಕಾರ್ಯಕ್ರಮ. ನನ್ನ ವೈರು ಒಯ್ದು ಗಿಟಾರ್ ಆ್ಯಂಪಿನ ಎದಿಯಾಗಿನ ತೂತಿಗೆ ಹಾಕಿದ. ನಾ ಮೊದಲ ಆ್ಯಂಪು, ಸ್ಪೀಕರು, ಮೈಕು ಮೂರೂ ಸೇರಿಸಿ ಅಡಗಿ ಮಾಡಿ ಕೊಡಾವ. ಒಗ್ಗರಣಿ ಬಿದ್ದ ಸಾರು ಅದು. ಅದಕ್ಕ ಆ ಆ್ಯಂಪು ಮತ್ತೊಮ್ಮಿ ಒಗ್ಗರಣಿ ಕೊಡತೈತಿ, ಅದರ ಸ್ಪೀಕರು ಮೂರನೇದ್ದು. ಹೊತ್ತದ ಏನಾಗಬೇಕ್ರಿ? ನೆಟ್ಟಗ ಮಿಕ್ಸರಿಗೋ ಸ್ಟುಡಿಯೊ ಮಾನಿಟರಿಗೋ ಹೋಗೂದಿದ್ರ ನನ್ನ ಸ್ಪೀಕರ್ ವೇಷ ಇರ್ಲಿ. ಗಿಟಾರ್ ಆ್ಯಂಪಿಗೇ ಹೋಗೂದಿದ್ರ ಆ ವೇಷ ಕಳಚಿ, ಅದರ ಬೆನ್ನಾಗ 'ರಿಟರ್ನ್' ಅಂತ ಬರದ ತೂತಿಗೆ ಹಾಕ್ರಿ. ಇಷ್ಟ. ಒಂದು ಗುಂಡಿ ಒತ್ತೂ ಕೆಲಸ.

ಗುಂಯ್ ಅನ್ನೂ ಸಪ್ಪಳ? ಅದಕ್ಕರ ನೀವ ಹೊಣಿ ಅಲ್ಲೇನು?

ಅಯ್ಯ, ಅದು 50 ಹರ್ಟ್ಸಿನ ಕರೆಂಟಿನ ಹಾಡ್ರಿ. ನನಗೊಂದು ಅರ್ಥು, ಮಿಕ್ಸರಿಗೊಂದು ಅರ್ಥು, ಲ್ಯಾಪ್‌ಟಾಪಿನ ಚಾರ್ಜರಿಗೊಂದು. ಯುಎಸ್‌ಬಿ ಒಂದು ದಾರಿ, ಆಡಿಯೊ ವೈರು ಇನ್ನೊಂದು ದಾರಿ, ಎರಡೂ ಸೇರಿ ಸುತ್ತು ಕಟ್ಟಿದ್ರ ಅದರೊಳಗ ಕರೆಂಟು ಗಾಣದ ಎತ್ತಿನಂಗ ತಿರಗತೈತಿ. ಚಾರ್ಜರ್ ಕಿತ್ತು ನೋಡಿದ್ರ ಕಳ್ಳ ಯಾರಂತ ಆಗಿಂದಾಗ ತಿಳೀತೈತಿ. ನನ್ನ ಬೆನ್ನಾಗ 'ಗ್ರೌಂಡ್ ಲಿಫ್ಟ್' ಅಂತ ಸಣ್ಣ ಗುಂಡಿ ಐತಿ, ಆಡಿಯೊ ವೈರಿನ ಸುತ್ತು ಕಡಿಯಾಕ. ಅದನ್ನ ಯಾರೂ ಮುಟ್ಟಲಿಲ್ಲ. ನಮ್ಮ ಹುಡುಗ ಏನ್ ಮಾಡಿದ ಗೊತ್ತೇನು? ಇಕ್ಕಳ ತೊಗೊಂಡು ಪ್ಲಗ್ಗಿನ ಮೂರನೇ ಪಿನ್ನ ಮುರದ! ಸಪ್ಪಳ ಹೋತು, ಖರೆ. ಜೀವಾನೂ ಹೋಗಬಹುದಿತ್ತು. ತಂತಿ ಹಿಡದಾಂವಗ ಶಾಕ್ ಹೊಡದ ಮ್ಯಾಲ ಹೊಸಾ ಪ್ಲಗ್ ಬಂತು.

ಇನ್ನೊಂದು ತಮಾಷಿ ಹೇಳ್ತೀನಿ. 50 ಹರ್ಟ್ಸು ಅಂದ್ರ ಮಂದ್ರದ 'ಜಿ' ಸ್ವರದ ಮಗ್ಗಲಕ್ಕ ಬರತೈತಿ. ಒಬ್ಬ ಗಾಯಕರು ಬಂದು, ಹೆಡ್‌ಫೋನ್ ಹಾಕ್ಕೊಂಡು, ಅದನ್ನ ತಂಬೂರಿ ಅಂತ ತಿಳದು ಅದಕ್ಕ ಸಾ ಹಚ್ಚಿ ಅರ್ಧಾ ತಾಸು ಹಾಡಿದ್ರು. ಚಲೋ ಹಾಡಿದ್ರು. ಪಿನ್ ಮುರದ ಮ್ಯಾಲ ಶ್ರುತಿ ಎಲ್ಲಿ ಹೋತು ಅಂತ ಕೇಳಿದ್ರು.

ತಾಳ ಹಿಂದ ಬೀಳತೈತಿ ಅಂತಾನೂ ದೂರು ಐತಿ.

ಬಫರ್ 1024 ಇಟ್ಟಾನ. 48 ಕಿಲೋಹರ್ಟ್ಸಿನ್ಯಾಗ ಒಳಗ ಬರಾಕ 21 ಮಿಲಿಸೆಕೆಂಡು, ಹೊರಗ ಹೋಗಾಕ ಮತ್ತ ಅಷ್ಟು. ಹದಿನಾಲ್ಕು ಮೀಟರ್ ದೂರದಾಗ ಸ್ಪೀಕರ್ ಇಟ್ಟು ಬಾರಿಸಿದಂಗ. 128ಕ್ಕ ಇಳಸಂದ್ರ ಲ್ಯಾಪ್‌ಟಾಪು ದಮ್ಮು ಹತ್ತಿ ಕೆಮ್ಮತೈತಿ, ಮೂವತ್ತು ಟ್ಯಾಬು ತಗದಿರ್ತಾನಲ್ಲ. ಡಿಜಿಟಲ್ ವೈರ್ ಹಾಕಿದಾಗ ಅದೂ ಒಂದು ರಗಳೆ: ಭಜನಾ ಮ್ಯಾಳದಾಗ ತಾಳ ಒಬ್ಬರ ಕೈಯಾಗ ಇರಬೇಕು, ಇವ ನನಗೂ ಇಂಟರ್‌ಫೇಸಿಗೂ ಇಬ್ಬರಿಗೂ ತಾಳ ಕೊಟ್ಟ. ಟಿಕ್ ಟಿಕ್ ಅಂತ ಜಗಳ. ಒಂದಿನ 48ರಾಗ ರೆಕಾರ್ಡ್ ಮಾಡಿದ್ದನ್ನ 44.1ರಾಗ ಬಿಟ್ಟ. ಹಾಡು ಹಾರ್ಮೋನಿಯಮ್ಮಿನ ಒಂದೂವರಿ ಮನಿ ಕೆಳಗ ಇಳೀತು. ಹಾಡಿದ ಹೆಣಮಗಳು 'ಇದು ನಮ್ಮ ಕಾಕಾನ ದನಿ' ಅಂದ್ಲು.

ನಿಮ್ಮ ಹೊಟ್ಟ್ಯಾಗ ಒಟ್ಟು ಎಷ್ಟು ಆ್ಯಂಪು ಅದಾವ?

ನೂರಾ ಚಿಲ್ಲರ. ಅದರಾಗ ಈ ಊರಿನವರು ಕಣ್ಣಾರೆ ಕಂಡದ್ದು ಒಂದೂ ಇಲ್ಲ.

(ಇಲ್ಲಿ ಡಬ್ಬಿಯ ದನಿ ಸ್ವಲ್ಪ ತಗ್ಗಿತು.)

ಮೊದಲಿಗೆ ನಂಗೂ ಸೊಕ್ಕಿತ್ತು ಮಾಸ್ತರ. ಲಂಡನ್, ಕ್ಯಾಲಿಫೋರ್ನಿಯಾ ಅಂತ ಒಂದೊಂದ ವೇಷ ತಗದು ತೋರಸ್ತಿದ್ದೆ. ಇವ ಎಲ್ಲಾ ಕೇಳಿ 'ಜಾತ್ರಿ ಬರವಲ್ದು' ಅಂತಿದ್ದ. ಏನಿದು ಜಾತ್ರಿ ಅಂತ ತಿಳೀಲಿಲ್ಲ. ಭಾರತ ಹುಣ್ಣಿವಿ ದಿನ ಕಿಟಕಿ ತಗದಿತ್ತು. ಯಲ್ಲಮ್ಮನ ಗುಡ್ಡಕ್ಕ ಜಾತ್ರಿಗೆ ಹೊಂಟ ಟ್ರ್ಯಾಕ್ಟರಿನ ಮ್ಯಾಲ ಅಹುಜಾ ಆ್ಯಂಪು, ತಗಡಿನ ಭೋಂಗಾ. ಬುಡದ ದನಿ ಇಲ್ಲ, ತುದಿಯ ದನಿ ಇಲ್ಲ, ನಡುವಿನದಷ್ಟ ಮೂಗಿನಾಗ ಒದರತೈತಿ, ಎರಡು ಹೊಲ ದಾಟಿ ಕೇಳತೈತಿ. ಆಗ ತಿಳೀತು. ಇಲ್ಲಿನ ಕಿವಿ ಹದಾ ಆದದ್ದು ಆ ಭೋಂಗಾದಾಗ. ನನ್ನ ಹೊಟ್ಟ್ಯಾಗ ಅದಿಲ್ಲ. ಯಾರೂ ಅಳದು ಹಾಕಿಲ್ಲ.

ಹಾಕಾಕ ಬರತೈತೇನು?

ಯಾಕ ಬರಂಗಿಲ್ಲ? ಭೋಂಗಾದಿಂದ ಬುಡದಿಂದ ತುದಿತನಕ ಒಂದು ದನಿ ಜಾರಿಸಿ, ಮುಂದ ಮೈಕ್ ಇಟ್ಟು ಹಿಡದ್ರ, ಲೆಕ್ಕ ಮಾಡಿ ಅದರ ಅಚ್ಚು ತಗೀಬಹುದು. ಇಂಪಲ್ಸ್ ರೆಸ್ಪಾನ್ಸ್ ಅಂತಾರ. ಭೋಂಗಾದ ಬಣ್ಣ ಬರತೈತಿ. ದನಿ ಏರಿಸಿದಾಗ ಹರಿಯೂ ಆ ಹರಕು ಮಾತ್ರ ಆ ಅಚ್ಚಿನ್ಯಾಗ ಸಿಗೂದಿಲ್ಲ. ಈ ಕೆಲಸಕ್ಕ ಕ್ಯಾಲಿಫೋರ್ನಿಯಾದವರು ಮುನವಳ್ಳಿಗೆ ಬರತಾರೇನ್ರಿ? ನೀವ ಮಾಡ್ಕೋಬೇಕು.

ಮೆಟ್ಟಿಲ ಮೇಲೆ ಚಪ್ಪಲಿ ಸಪ್ಪಳವಾಯಿತು. ಡಬ್ಬಿ ಬಾಯಿ ಮುಚ್ಚಿತು. ಹುಡುಗ ಬಂದ, ಅವನ ಹಿಂದೆ ವಯಸ್ಸಾದ ಒಬ್ಬ ಜೋಗಮ್ಮ, ಕಂಕುಳಲ್ಲಿ ಚೌಡಿಕೆ. ಕೊಳಗದಂಥ ಮರದ ಬುರುಡೆ, ಅಡಿಗೆ ಬಿಗಿದ ತೊಗಲು, ತೊಗಲಿನ ನಡುವಿನಿಂದ ಬಿರಟೆಗೆ ಎಳೆದ ನರದ ತಂತಿ ಒಂದೇ. ಗಿಟಾರಿನ ಪಿಕಪ್ಪಿನಲ್ಲಿರುವುದು ಅಯಸ್ಕಾಂತ, ಅದಕ್ಕೆ ಉಕ್ಕಿನ ತಂತಿಯೇ ಬೇಕು. ನರದ ಮಾತು ಅದಕ್ಕೆ ಕೇಳಿಸದು. ಮೈಕ್ ಇಟ್ಟರೆ ಫ್ಯಾನು, ಕೆಳಗಿನ ಅಂಗಡಿಯ ಉದ್ರಿ ಜಗಳ, ಎಲ್ಲ ಒಳಗೆ. ಹುಡುಗ ರೂಪಾಯಿ ಅಗಲದ ಪಿಯೆಝೊ ಬಿಲ್ಲೆಯೊಂದನ್ನು ಬುರುಡೆಗೆ ಅಂಟಿಸಿ ಮಿಕ್ಸರಿನ ಲೈನ್ ತೂತಿಗೆ ಕೊಟ್ಟ. ಸೊಳ್ಳೆ ಹಾಡಿದಂತೆ ಬಂತು. ಅವ್ವ ಮುಖ ಸಿಂಡರಿಸಿದಳು.

"ಅಲ್ಲಿ ಬ್ಯಾಡೋ," ಎಂದೆ. ನನ್ನ ಪಾಡಿಗೆ ನಾನು ಹೇಳಿದ್ದೋ, ಡಬ್ಬಿ ಹೇಳಿಸಿದ್ದೋ. "ಗಿಟಾರ್ ಚುಚ್ಚೂ ತೂತಿಗೆ ಹಾಕಿ ನೋಡು."

ಪಿಯೆಝೊ ಬಿಲ್ಲೆ ಬಲು ನಾಜೂಕಿನದು. ಮಿಕ್ಸರಿನ ಲೈನ್ ತೂತು ಹತ್ತಾರು ಸಾವಿರ ಓಮ್‌ನಲ್ಲಿ ಅದರ ಬುಡದ ದನಿಯನ್ನೆಲ್ಲ ಹೀರಿಬಿಡುತ್ತದೆ. ಗಿಟಾರಿಗೆಂದೇ ಮಾಡಿದ ಡಬ್ಬಿಯ ತೂತು ಸುಮಾರು ಹತ್ತು ಲಕ್ಷ ಓಮ್. ಏನೂ ಕಸಿಯದೆ ಬಂದದ್ದನ್ನು ಬಂದ ಹಾಗೆ ಒಳಗೆ ಬಿಟ್ಟುಕೊಳ್ಳುತ್ತದೆ. ಅಲ್ಲಿಂದ ಯುಎಸ್‌ಬಿಯಲ್ಲಿ ನೇರ ಲ್ಯಾಪ್‌ಟಾಪಿಗೆ. ಅವ್ವ ತಂತಿ ಮೀಟಿದಳು. ತುಂಯ್ಞ್ ಎಂದು ಬುಡದಿಂದ ಎದ್ದ ದನಿ ಮೇಲಕ್ಕೆ ಜಾರಿ ಇಳಿಯಿತು. ಮೀಟರು ಹಸಿರಿನಲ್ಲೇ ಇತ್ತು.

"ಯಾವ ಆ್ಯಂಪ್ ಹಾಕ್ಲಿ ಅವ್ವಾ? ಭಾಳ ಅದಾವ ಇದರಾಗ."

"ಹಾಕದಿದ್ರ ನಡ್ಯಂಗಿಲ್ಲೇನಪ?"

ಒಂದೊಂದಾಗಿ ಎಲ್ಲ ತೆಗೆದ. ಪರದೆಯ ಮೇಲೆ ಒಳಬಾಗಿಲು, ಹೊರಬಾಗಿಲು, ನಡುವೆ ಒಂದು ಗೆರೆ ಉಳಿಯಿತು. ಅವ್ವ ನಾಲ್ಕು ಪದ ಹಾಡಿದಳು. ಹುಡುಗ 'ಚೌಡಿಕಿ ಏನೂ ಇಲ್ಲ 1' ಎಂದು ಹೆಸರು ಕೊಟ್ಟು ಉಳಿಸಿಕೊಂಡ. ಅವನ ಹಳೆಯ ಹೆಸರುಗಳು ಪಕ್ಕದಲ್ಲೇ ಇದ್ದವು: 'ರಾಕ್ ಯಲ್ಲಮ್ಮ ಫೈನಲ್', 'ರಾಕ್ ಯಲ್ಲಮ್ಮ ಫೈನಲ್ ಫೈನಲ್', 'ಖರೇ ಫೈನಲ್'.

ಕೆಳಗಿನಿಂದ ಚಹಾ ಬಂತು. ಅವ್ವನಿಗೆ ಕೊಟ್ಟು, ತನ್ನ ಕಪ್ಪು ಹಿಡಿದು ಹುಡುಗ ಎಂದಿನ ಜಾಗಕ್ಕೆ ಕೈ ಚಾಚಿದ.

"ಆ ಕಪ್ಪು ಇತ್ತ ತಾ," ಎಂದೆ.