ಆಲಿಕಲ್ಲು ಭಾವ

ನಮ್ಮ ಭಾವನ ಹತ್ತಿರ ಒಂದು ಪಿಕಪ್ ಇದೆ. ಪಿಕಪ್ ಅಂದ ಕೂಡಲೇ ನಿಮಗೆ ಕೋಲಾರದ ಟೊಮ್ಯಾಟೊ ಕ್ರೇಟು, ಅದರ ಮೇಲೆ ಕೂತ ಇಬ್ಬರು ಹುಡುಗರು, ಹಿಂದೆ ಬರೆಸಿದ ‘ತಾಯಿಯ ಆಶೀರ್ವಾದ’ ನೆನಪಾದರೆ ತಪ್ಪು ನಿಮ್ಮದಲ್ಲ. ದಾವಣಗೆರೆಯಿಂದ ಬಂದಿಳಿದ ನಮ್ಮ ಅಮ್ಮನಿಗೂ ಅದೇ ನೆನಪಾಯಿತು. ಟೆಕ್ಸಾಸಿನ ಫ್ರಿಸ್ಕೋದಲ್ಲಿ ಮನೆಯ ಮುಂದೆ ನಿಂತಿದ್ದ ಆ ಕಪ್ಪು ಫೋರ್ಡ್ ಎಫ್-150 ಅನ್ನು ಒಂದು ಸುತ್ತು ಹಾಕಿ ನೋಡಿ, “ಇದರಾಗೆ ಏನ್ ಹೇರ್ತೀರಿ?” ಅಂತ ಅಳಿಯನನ್ನು ಕೇಳಿದಳು.

ಭಾವ ಉತ್ತರ ಕೊಡಲಿಲ್ಲ. ಅಕ್ಕ ಕೊಟ್ಟಳು. ನಾಲ್ಕು ವರ್ಷದಲ್ಲಿ ಅದು ಹೊತ್ತದ್ದು ಒಂದು ಹಾಸಿಗೆ, ಮತ್ತೆ ಕನ್ನಡ ಸಂಘದ ಯುಗಾದಿಗೆ ಎರಡು ಪಾತ್ರೆ ಬಿಸಿಬೇಳೆಬಾತು. ಬಾತು ಚೆಲ್ಲೀತು ಅಂತ ಗಂಟೆಗೆ ಇಪ್ಪತ್ತು ಮೈಲಿ ವೇಗದಲ್ಲಿ ಹೋದದ್ದರಿಂದ ಊಟ ಶುರುವಾದಾಗ ಮೂರೂವರೆ.

ಗಾಡಿಗೆ 19 ಅಡಿ ಚಿಲ್ಲರೆ ಉದ್ದ. ಗ್ಯಾರೇಜಿಗೆ 20 ಅಡಿ. ಲೆಕ್ಕದಲ್ಲಿ ಹಿಡಿಸುತ್ತದೆ. ಆದರೆ ಗ್ಯಾರೇಜಿನಲ್ಲಿ ಎರಡನೇ ಫ್ರೀಜರು, ಗಣಪತಿಯ ಥರ್ಮೋಕೋಲ್ ಮಂಟಪ, ಬಟ್ಟೆ ಹರವುವ ಟ್ರೆಡ್‌ಮಿಲ್ಲು, ಸೋನಾಮಸೂರಿ ಮೂಟೆಗಳು ಮೊದಲೇ ಬಂದು ನೆಲೆಸಿವೆ. ಅಮೆರಿಕದ ಕನ್ನಡಿಗರ ಗ್ಯಾರೇಜಿನಲ್ಲಿ ಕಾರೊಂದು ಬಿಟ್ಟು ಎಲ್ಲ ಇರುತ್ತದೆ. ಹಾಗಾಗಿ ಅರವತ್ತು ಸಾವಿರ ಡಾಲರಿನ ಗಾಡಿ ಬಯಲಲ್ಲಿ, ಆರು ಡಾಲರಿನ ಮಂಟಪ ನೆರಳಲ್ಲಿ.

ಇದು ವರ್ಷದಲ್ಲಿ ಎಂಟು ತಿಂಗಳು ಯಾರಿಗೂ ತೊಂದರೆಯಲ್ಲ. ಮಾರ್ಚ್ ಬಂತೆಂದರೆ ಭಾವ ಬೇರೆಯೇ ಮನುಷ್ಯ. ಮಾರ್ಚಿಂದ ಜೂನ್‌ವರೆಗೆ ಉತ್ತರ ಟೆಕ್ಸಾಸಿನಲ್ಲಿ ಗುಡುಗು ಮಳೆಯ ಕಾಲ. ಮೋಡದೊಳಗೆ ಮೇಲಕ್ಕೆ ನುಗ್ಗುವ ಗಾಳಿ ನೀರಹನಿಯನ್ನು ಎತ್ತಿ ಹಿಡಿದು ಹೆಪ್ಪುಗಟ್ಟಿಸುತ್ತದೆ. ಜೀರಿಗೆ ಪೆಪ್ಪರಮೆಂಟಿಗೆ ಸಕ್ಕರೆ ಪಾಕ ಸುತ್ತಿದ ಹಾಗೆ ಪದರದ ಮೇಲೆ ಪದರ ಬೆಳೆಯುತ್ತದೆ. ಗಾಳಿಗೆ ಹೊರಲಾಗದಷ್ಟು ಭಾರವಾದಾಗ ಕೈಬಿಡುತ್ತದೆ. ಕೈಬಿಟ್ಟದ್ದು ನೇರ ತನ್ನ ಗಾಡಿಯ ಮೇಲೇ ಬೀಳುತ್ತದೆ ಅನ್ನುವುದು ಭಾವನ ಸಿದ್ಧಾಂತ.

ಒಕ್ಲಹೋಮದ ನಾರ್ಮನ್ನಿನಲ್ಲಿ ಸರ್ಕಾರದ ಬಿರುಗಾಳಿ ಮುನ್ಸೂಚನಾ ಕೇಂದ್ರವಿದೆ. ಅದು ನಕ್ಷೆಯ ಮೇಲೆ ಐದು ಬಣ್ಣ ಬಳಿಯುತ್ತದೆ: ಹಸಿರು, ಹಳದಿ, ಕಿತ್ತಳೆ, ಕೆಂಪು, ಕಡೆಗೆ ಕಡುಗುಲಾಬಿ. ನಮ್ಮಜ್ಜ ಪಂಚಾಂಗದಲ್ಲಿ ರಾಹುಕಾಲ ನೋಡುತ್ತಿದ್ದ ಹಾಗೆ ಭಾವ ಬೆಳಿಗ್ಗೆ ಹಲ್ಲುಜ್ಜುವ ಮೊದಲು ಇದನ್ನು ನೋಡುತ್ತಾರೆ. ಹಸಿರಾದರೆ ಕಾಫಿ ಕುಡಿಯುತ್ತಾರೆ. ಹಳದಿಯಾದರೆ ಕಾಫಿ ಆರುತ್ತದೆ. ಕಿತ್ತಳೆಯಾದರೆ ಆಫೀಸಿಗೆ ‘ಮನೆಯಿಂದಲೇ ಕೆಲಸ’ ಅಂತ ಸಂದೇಶ ಹೋಗುತ್ತದೆ.

ಅಲ್ಲಿ ಆಲಿಕಲ್ಲಿನ ಗಾತ್ರವನ್ನು ನಾಣ್ಯ, ಗಾಲ್ಫ್ ಚೆಂಡು, ಬೇಸ್‌ಬಾಲ್ ಅಂತ ಹೇಳುತ್ತಾರೆ. ಅಮ್ಮ ಎರಡೇ ದಿನದಲ್ಲಿ ಅದಕ್ಕೆ ದಾವಣಗೆರೆಯ ತೂಕ ಹಾಕಿಬಿಟ್ಟಳು. ಒಂದಿಂಚಿನದು ಗೋಟಡಿಕೆ. ಗಾಲ್ಫ್ ಚೆಂಡು ನಿಂಬೆಹಣ್ಣು. ಬೇಸ್‌ಬಾಲ್ ಮೋಸಂಬಿ. 2010ರಿಂದ ಅಮೆರಿಕದ ಹವಾಮಾನ ಇಲಾಖೆಯೂ ಗೋಟಡಿಕೆಯಿಂದ ಮೇಲಿನದನ್ನೇ ‘ತೀವ್ರ’ ಅನ್ನುವುದು. ಅದೇ ವರ್ಷ ಸೌತ್ ಡಕೋಟಾದ ವಿವಿಯನ್ ಊರಿನಲ್ಲಿ ಎಂಟು ಇಂಚು ಅಗಲದ್ದೊಂದು ಬಿತ್ತು, ತೂಕ ಹತ್ತಿರ ಹತ್ತಿರ 880 ಗ್ರಾಮು. ಭಾವ ಇದನ್ನು ಊಟಕ್ಕೆ ಕೂತವರಿಗೆಲ್ಲ ಹೇಳುತ್ತಾರೆ. 1995ರ ಮೇ 5ರಂದು ಪಕ್ಕದ ಫೋರ್ಟ್ ವರ್ತಿನ ವಸಂತ ಜಾತ್ರೆಯ ಮೇಲೆ ಆಲಿಕಲ್ಲು ಸುರಿದು ನೂರಕ್ಕೂ ಹೆಚ್ಚು ಜನಕ್ಕೆ ಗಾಯವಾದದ್ದನ್ನೂ ಹೇಳುತ್ತಾರೆ. ಹೇಳಿ ಮುಗಿಸಿ, ಜನರ ಗಾಯಕ್ಕೆ ಒಂದು ನಿಟ್ಟುಸಿರು ಬಿಟ್ಟು, “ಪಾರ್ಕಿಂಗ್‌ನಾಗೆ ಎಷ್ಟು ಗಾಡಿ ಇದ್ದವೋ ಏನೋ” ಅನ್ನುತ್ತಾರೆ.

ಮೊದಲ ವರ್ಷ ತಂದದ್ದು ಗಾಳಿ ತುಂಬುವ ಹೊದಿಕೆ. ಫ್ಯಾನ್ ಹಾಕಿದರೆ ಗಾಡಿ ಮುಚ್ಚುವ ಹಾಗೆ ಪೂರಿಯಂತೆ ಉಬ್ಬಬೇಕು. ಉಬ್ಬಿತು ಕೂಡ. ಆದರೆ ಆಲಿಕಲ್ಲಿಗಿಂತ ಮೊದಲು ಗಾಳಿ ಬರುತ್ತದೆ; ಪೂರಿ ಎದ್ದು ಎದುರು ಮನೆಯ ಬೇಲಿಗೆ ಸಿಕ್ಕಿಕೊಂಡಿತು. ಎರಡನೇ ವರ್ಷ ಯೋಗದ ಚಾಪೆ. ಮೂರನೇ ವರ್ಷ ಮಾಲಿನ ಬಹುಮಹಡಿ ಪಾರ್ಕಿಂಗು. ಅದೊಂದೇ ನಿಜಕ್ಕೂ ಫಲ ಕೊಡುವ ಉಪಾಯ, ಅದಕ್ಕೇ ಊರಿನ ಪಿಕಪ್ಪುಗಳೆಲ್ಲ ಅಲ್ಲೇ ಇದ್ದವು. ಜಾಗ ಸಿಗದೆ ಭಾವ ಕಾರು ತೊಳೆಯುವ ಅಂಗಡಿಯ ಸೂರಿನಡಿ ನುಗ್ಗಿ, ಹೊರಗೆ ಮಳೆ ಸುರಿಯುತ್ತಿರುವಾಗ ದುಡ್ಡು ಕೊಟ್ಟು ಗಾಡಿ ತೊಳೆಸಿಕೊಂಡು ಬಂದರು.

ಪಕ್ಕದ ಮನೆಯ ಮುದುಕ ಹುಟ್ಟಾ ಟೆಕ್ಸಾಸಿನವನು. ಅವನ ಪಿಕಪ್ಪಿನ ಬಾನೆಟ್ಟು ಪಡ್ಡಿನ ಹಂಚಿನ ಹಾಗಿದೆ. ಆಲಿಕಲ್ಲಿಗೂ ಸೇರಿಸಿ ವಿಮೆ ಇತ್ತು, ಕಂಪನಿ ಚೆಕ್ ಕೊಟ್ಟಿತು, ಅವನು ಗುಳಿಗಳನ್ನು ಹಾಗೇ ಬಿಟ್ಟು ಮೀನು ಹಿಡಿಯುವ ದೋಣಿ ಕೊಂಡ. ಈಗ ಆ ಗಾಡಿ ದೋಣಿ ಎಳೆಯುತ್ತದೆ.

“ಭಾವ, ನಿಮ್ಮದಕ್ಕೂ ವಿಮೆ ಐತಲ್ಲ, ಮೊದಲ ಐನೂರು ಡಾಲರ್ ಕೈಯಿಂದ ಹಾಕಿದರೆ ಆಯ್ತಲ್ಲ?” ಅಂದೆ.

“ದುಡ್ಡಿನ ಪ್ರಶ್ನೆ ಅಲ್ಲಪ್ಪಾ. 2015ರಿಂದ ಈ ಗಾಡಿ ಬಾಡಿ ಅಲ್ಯೂಮಿನಿಯಂದು. ಉಕ್ಕಿನ ಹಂಗೆ ಗುಳಿ ಸಲೀಸಾಗಿ ವಾಪಸ್ ಬರಲ್ಲ. ಒಂದು ಬಿತ್ತು ಅಂದ್ರೆ ಅದು ಹೊಸ ಗಾಡಿ ಹೆಂಗಾಗುತ್ತೆ?”

ನಾಲ್ಕು ವರ್ಷದ ಹೊಸ ಗಾಡಿ. ನಾನು ಸುಮ್ಮನಾದೆ.

ಏಪ್ರಿಲ್ ನಡುವಿನ ಒಂದು ಸಂಜೆ, ಬಣ್ಣ ಕಿತ್ತಳೆ. ಅಕ್ಕ ಒಗ್ಗರಣೆ ಹಾಕುತ್ತಿದ್ದಳು. ಮನೆಯಲ್ಲಿದ್ದ ಫೋನುಗಳೆಲ್ಲ ಒಟ್ಟಿಗೇ ಕಿರುಚಿದವು, ಹಿಂದೆಯೇ ಊರಿನ ಸೈರನ್ನು. “ಹತ್ತಿ ಮಿಲ್ಲಿನ ಕೂಗು ಇದ್ದಂಗೈತಲ್ಲ, ಪಾಳಿ ಬಿಡ್ತೇನೋ” ಅಂದಳು ಅಮ್ಮ. ಅಲ್ಲಿ ಸೈರನ್ ಕೂಗಿದರೆ ಹೊರಗಿದ್ದವರು ಒಳಗೆ ಓಡಬೇಕು. ಒಳಗಿದ್ದ ಭಾವ ಹೊರಗೆ ಓಡಿದರು.

ತಲೆಗೆ ಮಗನ ಸೈಕಲ್ ಹೆಲ್ಮೆಟ್ಟು, ಅದರ ಮೇಲೊಂದು ಡೈನೋಸಾರ್ ಚಿತ್ರ. ಹೆಗಲಿಗೆ, ಅಮ್ಮ ಬೀಗರಿಗೆಂದು ತಂದಿದ್ದ ಚಳ್ಳಕೆರೆ ಕಂಬಳಿ. ಮುಂದಿನ ಗಾಜಿಗೆ ಒಂದು, ಬಾನೆಟ್ಟಿಗೆ ಒಂದು, ಹಗ್ಗ ಕನ್ನಡಿಯಿಂದ ಕನ್ನಡಿಗೆ. ಕೈ ಎಟುಕದ ಕಡೆ ಬಾನೆಟ್ಟಿನ ಮೇಲೇ ಹತ್ತಿ, ಗಾಳಿಗೆ ಹಾರುತ್ತಿದ್ದ ಕಂಬಳಿಯನ್ನು ಕುರಿ ಹಿಡಿದ ಹಾಗೆ ಅಮುಕಿ ಹಿಡಿದರು. ಪಕ್ಕದ ಮನೆಯ ಮುದುಕ ವರಾಂಡದಲ್ಲಿ ಬಿಯರ್ ಹಿಡಿದು ಕೂತು ಎಲ್ಲವನ್ನೂ ನೋಡಿದ.

ಬಿತ್ತು. ಸಾಬೂದಾನಿಯಷ್ಟು. ಐದು ನಿಮಿಷ ಹುಲ್ಲಿನ ಮೇಲೆ ಬೆಳ್ಳಗೆ ಚೆಲ್ಲಿ, ಅಕ್ಕನ ಸಾರು ಕುದಿಯುವಷ್ಟರಲ್ಲಿ ಕರಗಿತು. ಒದ್ದೆ ಕಂಬಳಿ ಇಳಿಸಲು ಮೂವರು ಬೇಕಾಯಿತು.

ಮರುದಿನ ಬಿಸಿಲಿಗೆ ನೋಡಿದರೆ ಬಾನೆಟ್ಟಿನ ಎಡಗಡೆ ಒಂದು ಗುಳಿ! ಭಾವನ ಮುಖದಲ್ಲಿ ದುಃಖದ ಜೊತೆಗೆ ‘ನಾನು ಹೇಳಿರಲಿಲ್ಲವೇ’ ಅನ್ನುವ ಸಣ್ಣ ತೃಪ್ತಿಯೂ ಕಂಡಿತು. ಬಣ್ಣ ಕೆಡಿಸದೆ ಗುಳಿ ತೆಗೆಯುವವರು ಈ ಕಾಲಕ್ಕೆ ಬೇರೆ ಬೇರೆ ರಾಜ್ಯಗಳಿಂದ ಬಂದು ಡೇರೆ ಹಾಕಿರುತ್ತಾರೆ. ಅವರಲ್ಲೊಬ್ಬ ಬಂದ. ಗೆರೆಗೆರೆಯ ದೀಪದ ಹಲಗೆಯನ್ನು ಬಾನೆಟ್ಟಿಗೆ ಹಿಡಿದ. ಗೆರೆಗಳೆಲ್ಲ ನೆಟ್ಟಗಿದ್ದವು, ಒಂದು ಕಡೆ ಮಾತ್ರ ಬಳುಕಿದವು. ಅವನು ಗುಳಿಯನ್ನು ಬೆರಳಿಂದ ಸವರಿದ, ಭಾವನ ಎತ್ತರ ನೋಡಿದ, ಮತ್ತೆ ಗುಳಿ ನೋಡಿದ. ಆಲಿಕಲ್ಲಿನದು ದುಂಡಗಿರುತ್ತದೆ ಸರ್, ಇದು ಉದ್ದವಾಗಿದೆ, ಯಾರಾದರೂ ಇಲ್ಲಿ ಮಂಡಿಯೂರಿದ್ದರೇ ಅಂತ ಬಹಳ ಮರ್ಯಾದೆಯಿಂದ ಕೇಳಿದ.

ಅಕ್ಕ ಒಳಗೆ ಹೋಗಿ ಬಾಗಿಲು ಹಾಕಿಕೊಂಡು ನಕ್ಕಳು. ಆಲಿಕಲ್ಲಿಗೆ ವಿಮೆ ಉಂಟು. ಯಜಮಾನರ ಮೊಣಕಾಲಿಗೆ ಉಂಟೋ ಅಂತ ಕೇಳಲು ಭಾವ ಇವತ್ತಿನವರೆಗೂ ಫೋನ್ ಮಾಡಿಲ್ಲ.

ಆ ಬಡಾವಣೆಯಲ್ಲಿ ಹೊರಗೆ ಬಟ್ಟೆ ಒಣಗಹಾಕುವ ಹಾಗಿಲ್ಲ. ಹಾಗಾಗಿ ಅಮ್ಮ ಕಂಬಳಿಗಳನ್ನು ಪಿಕಪ್ಪಿನ ಹಿಂದಿನ ಬಾಡಿಯಲ್ಲಿ ಹರವಿದಳು. ಬಿಸಿಲು ಚೆನ್ನಾಗಿ ಬೀಳುತ್ತದೆ ಅಂತ ಗೊತ್ತಾಯಿತು. ಮೂರನೇ ದಿನ ಕಂಬಳಿ ತೆಗೆದು, ಪ್ಲಾಸ್ಟಿಕ್ ಹಾಳೆ ಹಾಸಿ, ಮೆಣಸಿನಕಾಯಿ ಖಾರದ ಅಕ್ಕಿ ಸಂಡಿಗೆ ಇಟ್ಟಳು. ಭಾವ ಆಫೀಸಿನಿಂದ ಬಂದು ನೋಡಿ, ಏನೋ ಹೇಳಲು ಬಾಯಿ ತೆರೆದು, ಅರ್ಧ ಒಣಗಿದ್ದೊಂದನ್ನು ಬಾಯಿಗೆ ಹಾಕಿಕೊಂಡರು. ಮಾರನೆಯ ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ಅಡುಗೆಮನೆಗೆ ಬಂದರು.

“ಅತ್ತೇ, ಬುಧವಾರ ಹಳದಿ ಐತೆ. ಸಂಡಿಗೆ ಮಂಗಳವಾರಕ್ಕೇ ತಗದುಬಿಡ್ರಿ.”